ಎರಡು ಇಂಜಿನ್ನಿನ ಓನರ್

ಬದನೆಕಾಯಿ ಆರಿಸಲು ಅರ್ಧ ಗಂಟೆ ಬೇಕಾಗುವ ಮನುಷ್ಯನಿಗೆ ವಿಮಾನ ಆರಿಸಲು ಎಷ್ಟು ಕಾಲ ಬೇಕಾದೀತು? ನಮ್ಮ ಓನರಿಗೆ ಮೂರು ಮಳೆಗಾಲ ಬೇಕಾಯಿತು. ಮೂರಕ್ಕೂ ನಾನು ಸಾಕ್ಷಿ. ರಾಮಮೂರ್ತಿ ನಗರದಲ್ಲಿ ಅವರ ಮಹಡಿ ಮೇಲಿನ ಮನೆಯಲ್ಲಿ ನಾವು ಬಾಡಿಗೆಗೆ ಇದ್ದ ಕಾಲ ಅದು. ಆಗಿನ್ನೂ ಆ ಕಡೆ ಅರ್ಧ ರಸ್ತೆಗೆ ಟಾರಿತ್ತು, ಅರ್ಧಕ್ಕೆ ಇರಲಿಲ್ಲ.

ವಿಮಾನ ಎಂದರೆ ಜನ ಕೂತು ಹೋಗುವಂಥದ್ದಲ್ಲ. ನೆಲದ ಮೇಲೆ ನಿಂತು, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನ. ಹಾಗಂತ ಅದನ್ನು ಆಟದ ಸಾಮಾನು ಎಂದು ಅವರ ಮುಂದೆ ಅಂದರೆ ಮುಗಿಯಿತು, ಆ ದಿನ ನಿಮ್ಮ ನಲ್ಲಿಗೆ ನೀರು ತಡವಾಗಿ ಬರುತ್ತಿತ್ತು. ಆಳುದ್ದಕ್ಕಿಂತ ದೊಡ್ಡ ರೆಕ್ಕೆ, ಪೆಟ್ರೋಲ್ ಕುಡಿಯುವ ಇಂಜಿನ್, ಅದೂ ಒಂದಲ್ಲ, ಎರಡು.

ಓನರ್ ಹೋದ ತಿಂಗಳು ತೀರಿಕೊಂಡರು. ನಾವು ಲಿಂಗರಾಜಪುರಕ್ಕೆ ಮನೆ ಬದಲಾಯಿಸಿ ಕೆಲವು ವರ್ಷಗಳೇ ಆಗಿದ್ದವು. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಅವರ ಮುಖವಲ್ಲ, ಅವರ ಮಾತು: “ತಾಳಿ, ನೋಡಾಣ.” ಏನೇ ಕೇಳಲಿ, ಎಷ್ಟೇ ಅವಸರವಿರಲಿ, ಮೊದಲ ಉತ್ತರ ಅದೇ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಅಷ್ಟು ಗಟ್ಟಿಯಾಗಿ ನಂಬಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರ ಹೆಸರು ಬರೆದರೆ ಆ ಬೀದಿಯವರಿಗೇ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು ಚಿಕ್ಕೋರು. ಎದುರು ಮನೆಯಲ್ಲಿದ್ದ ಅವರ ಅಣ್ಣ ದೊಡ್ಡೋರು. ಆ ಕಡೆಯ ಹಳೆಯ ಒಕ್ಕಲು ಮನೆತನ. ಅವರು ಬೆಂಗಳೂರಿಗೆ ಬಂದವರಲ್ಲ, ಬೆಂಗಳೂರೇ ಬಂದು ಅವರ ರಾಗಿ ಹೊಲದ ಮೇಲೆ ಕೂತಿತ್ತು. ಹೊಲವಿದ್ದ ಕಡೆ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ಆದರೂ ಬೆಳಗ್ಗೆ ಎದ್ದು ಲುಂಗಿ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ ಆ ಸಾಲನ್ನು ಒಂದು ಸುತ್ತು ಹಾಕುವಾಗ ಅವರ ನಡಿಗೆ ಪೈರು ನೋಡಲು ಹೋದವರ ನಡಿಗೆಯೇ. ಯಾರ ಮನೆಯ ಗೋಡೆಗೆ ತೇವ ಬಂದಿದೆ, ಯಾರ ಮನೆಯ ಕರಿಬೇವು ಚಿಗುರಿದೆ, ಎಲ್ಲ ನೋಡಿಕೊಂಡು ಬರುತ್ತಿದ್ದರು.

ಬಾಡಿಗೆಯವರನ್ನೂ ಅವರು ಬದನೆಕಾಯಿಯಂತೆಯೇ ಆರಿಸುತ್ತಿದ್ದರು. ನಾವು ಮನೆ ಕೇಳಲು ಹೋದಾಗ ಕೂರಿಸಿ ನೀರು ಕೊಟ್ಟು, ಸುಮ್ಮನೆ ನೋಡಿದರು. “ತಾಳಿ, ನೋಡಾಣ” ಎಂದು ಕಳಿಸಿದರು. ಹೀಗೆ ನಾಲ್ಕು ಸಲ. ಕೊನೆಗೆ ಮನೆ ಸಿಕ್ಕಿದ್ದು ಏಕೆಂದು ಆಮೇಲೆ ತಿಳಿಯಿತು. ಹೊಸಿಲಿನ ಬಳಿ ಅಡ್ಡ ಬಿದ್ದಿದ್ದ ಯಾರದೋ ಚಪ್ಪಲಿಯನ್ನು ನನ್ನ ಯಜಮಾನರು ಕಾಲಿನಿಂದ ತಳ್ಳದೆ, ಬಗ್ಗಿ ಕೈಯಲ್ಲಿ ಎತ್ತಿಟ್ಟರಂತೆ. ಯಜಮಾನರಿಗೆ ಆ ಚಪ್ಪಲಿಯ ನೆನಪೇ ಇಲ್ಲ. ಮದುವೆಯಾದ ಮೇಲೆ ನಮ್ಮ ಮನೆಯಲ್ಲಂತೂ ಅವರು ಏನನ್ನಾದರೂ ಬಗ್ಗಿ ಎತ್ತಿದ್ದನ್ನು ನಾನು ಕಂಡಿಲ್ಲ.

ಓನರಮ್ಮ ಮಾತ್ರ ಗಂಡನ ಈ ಗುಣವನ್ನು ಆಡಿಕೊಳ್ಳುತ್ತಿದ್ದರು. ತನ್ನೊಬ್ಬಳನ್ನೇ ಈ ಮನುಷ್ಯ ಆರಿಸಲಿಲ್ಲ, ಮಾವನವರು ಆರಿಸಿ ತಂದರು ಎನ್ನುತ್ತಿದ್ದರು. ಅದಕ್ಕೆ ಓನರ್ ತಲೆ ಎತ್ತದೆ, ಅದಕ್ಕೇ ಅದೊಂದು ಚೆನ್ನಾಗಿ ಕೂಡಿಬಂತು ಎನ್ನುತ್ತಿದ್ದರು. ಹೊಗಳಿದರೋ ತೆಗಳಿದರೋ ತಿಳಿಯದೆ ಓನರಮ್ಮ ಒಳಗೆ ಹೋಗಿ ಕಾಫಿಗೆ ಇಡುತ್ತಿದ್ದರು.

ವಿಮಾನದ ಹುಚ್ಚು ಹತ್ತಿದ್ದು ಹೀಗೆ. ಕೆ.ಆರ್. ಪುರದಾಚೆ ಅವರದೊಂದು ಹೊಲ ಮಾರದೆ ಉಳಿದಿತ್ತು. ಮಾದರಿ ವಿಮಾನ ಹಾರಿಸುವ ನಾಲ್ಕಾರು ಜನ ಬಂದು ಭಾನುವಾರ ಅಲ್ಲಿ ಹಾರಿಸಬಹುದೇ ಎಂದು ಕೇಳಿದರು. ಓನರ್ ಯಥಾಪ್ರಕಾರ ತಾಳಿ ಎಂದರು. ತಾಳಿಸಿ, ಕೊನೆಗೆ ಹಾರಿಸಲು ಬಿಟ್ಟು, ಪ್ರತಿ ಭಾನುವಾರ ಬದುವಿನ ಮೇಲೆ ಕೂತು ನೋಡಿದರು. ಒಂದು ದಿನ ಎದ್ದು ಬಂದು, ಆ ರಿಮೋಟ್ ಇಲ್ಲಿ ಕೊಡಿ ಎಂದು ಕೈ ಚಾಚಿದರು. ಮೊದಲ ಸಲವೇ ಯಾರದೋ ವಿಮಾನವನ್ನು ಹುಣಸೆಮರಕ್ಕೆ ಹತ್ತಿಸಿದರು. ಅಲ್ಲಿಂದಾಚೆಗೆ ಒಂದೇ ಇಂಜಿನ್ನಿನ ಪುಟ್ಟ ವಿಮಾನವೊಂದನ್ನು ಕೊಂಡು, ಮುರಿದು, ಅಂಟಿಸಿ, ಮತ್ತೆ ಮುರಿದು, ಒಂದೆರಡು ವರ್ಷದಲ್ಲಿ ಸುಮಾರಾಗಿ ಹಾರಿಸುವಷ್ಟಾದರು. ದೊಡ್ಡ ನಿಪುಣರೇನೂ ಆಗಲಿಲ್ಲ. ಹುಣಸೆಮರಕ್ಕೂ ಅವರಿಗೂ ಕೊನೆಯವರೆಗೆ ಏನೋ ಋಣಾನುಬಂಧವಿತ್ತು.

ಆಮೇಲೆ ಎರಡು ಇಂಜಿನ್ನಿನದು ಬೇಕು ಎಂದು ಶುರುವಾಯಿತು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಇಂಥ ಸಾಮಾನು ಮಾರುವ ಅಂಗಡಿ ಇತ್ತು. ಗಲ್ಫಿನಲ್ಲಿದ್ದ ನೆಂಟರ ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿ ಮಾರುವ ಅಂಗಡಿಯ ಭಾಯಿ ಇವರ ಗುರು. ಅವರೇ ಬೇಡವೆಂದರು. “ಅರೆ ಸಾಬ್, ಒಂದು ಇಂಜಿನ್ ಇದ್ರೆ ಒಂದು ತಲೆನೋವು. ಎರಡಿದ್ರೆ ಎರಡಲ್ಲ, ನಾಲ್ಕು” ಎಂದು ಎಷ್ಟೋ ಸಲ ಹೇಳಿದರಂತೆ. ಓನರ್ ಕೇಳಲಿಲ್ಲ. ಭಾಯಿ ಕೊಟ್ಟ ಇಂಗ್ಲಿಷ್ ಕ್ಯಾಟಲಾಗುಗಳನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ನಾನು ಹಲಸೂರಿನ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುವವಳು. ಆದರೆ ಟೀಚರಮ್ಮ ಎಂದ ಮೇಲೆ ಎಲ್ಲ ಭಾಷೆಯೂ, ಎಲ್ಲ ವಿದ್ಯೆಯೂ ಬರಬೇಕೆಂದು ಅವರ ನಂಬಿಕೆ. ನಿಘಂಟು ಮಗ್ಗುಲಲ್ಲಿಟ್ಟುಕೊಂಡು ನಾನು ಓದಿ ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು, ಇದು ಸಂಜೆಯ ಪಾಠವಾಯಿತು.

ಕ್ಯಾಟಲಾಗಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಯುದ್ಧಕಾಲದ ಒಂದು ವಿಮಾನ. ತೆಳ್ಳನೆಯ ಮೈ, ಚೂಪು ಮೂಗು, ಎರಡು ಕಡೆ ದೂರದೂರಕ್ಕೆ ಎರಡು ಇಂಜಿನ್. ಅದರ ಪಕ್ಕದ ಪುಟದಲ್ಲಿ ಸಾಮಾನು ಸಾಗಿಸುವ ದಪ್ಪ ಹೊಟ್ಟೆಯ ವಿಮಾನವೊಂದಿತ್ತು. ರೆಕ್ಕೆ ಬೆನ್ನಿನ ಮೇಲೆ, ಇಂಜಿನ್ನುಗಳು ಮೈಗೆ ಅಂಟಿದಷ್ಟು ಹತ್ತಿರ, ಮೈಗೆ ಮೀರಿದ ಬಾಲ. ನಾನು ಮೊದಲನೆಯದು ಚೆಂದ ಎಂದೆ. ಓನರ್ ಒಂದು ವಾರ ಎರಡನ್ನೂ ನೋಡಿದರು. ಆಮೇಲೆ ದಪ್ಪ ಹೊಟ್ಟೆಯದರ ಮೇಲೆ ಬೆರಳಿಟ್ಟರು. ಕಾರಣ ಕೇಳಿದ್ದಕ್ಕೆ ಹೇಳಿದರು:

“ಇಂಜಿನ್ ಎರಡೂ ಅತ್ಲಾಗೊಂದು ಇತ್ಲಾಗೊಂದು ದೂರ ಇದ್ರೆ, ಒಂದು ನಿಂತೋದಾಗ ಇನ್ನೊಂದು ತನ್ನ ಕಡೆಯಿಂದ ಎಳೆದು ಮಗುಚಿ ಹಾಕ್ತದೆ ಟೀಚರಮ್ಮ. ಹತ್ತಿರ ಇದ್ರೆ ಹೆಂಗೋ ಸುಧಾರಿಸ್ಕೊಂಡು ಬತ್ತದೆ.”

ಈ ಮಾತು ಹೇಳುವಾಗ ಅವರು ಕ್ಯಾಟಲಾಗ್ ನೋಡುತ್ತಿರಲಿಲ್ಲ, ಎದುರು ಮನೆ ನೋಡುತ್ತಿದ್ದರು.

ಎದುರು ಮನೆಯ ಅಣ್ಣನಿಗೂ ಇವರಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ತಂದೆ ಹೋದ ಮೇಲೆ ಪಾಲಿನ ದಿನ ದೊಡ್ಡೋರು ಒಂದು ಮಾತು ಆಡಿದರಂತೆ, ಚಿಕ್ಕೋರು ಎರಡು ಆಡಿದರಂತೆ. ಏನು ಮಾತೆಂದು ಯಾರೂ ನನಗೆ ಹೇಳಲಿಲ್ಲ, ಬಹುಶಃ ಅವರಿಗೂ ಮರೆತಿತ್ತು. ಆದರೆ ಹಟ ಮರೆತಿರಲಿಲ್ಲ. ಕೆ.ಆರ್. ಪುರದಾಚೆಯ ಹೊಲದ ನಡುವೆ ಕಲ್ಲು ಜೋಡಿಸಿ ಬದು ಹಾಕಿ, ಆ ಕಡೆ ಅಣ್ಣನದು ಈ ಕಡೆ ತಮ್ಮನದು ಮಾಡಿಕೊಂಡಿದ್ದರು. ಹೇಳಲೇಬೇಕಾದ್ದನ್ನು ಮೂರನೆಯವರಿಗೆ ಹೇಳುವಂತೆ ಹೇಳುತ್ತಿದ್ದರು. ನಾವು ಬಂದ ಮೇಲೆ ಆ ಮೂರನೆಯವಳು ನಾನಾದೆ. ದೊಡ್ಡೋರು ತಮ್ಮ ಗೇಟಿನಲ್ಲಿ ನಿಂತು, “ಟೀಚರಮ್ಮ, ಕೆಲವ್ರ ಮನೆ ಟ್ಯಾಂಕು ತುಂಬಿ ಸುರೀತಾ ಐತೆ” ಎಂದರೆ, ಇಲ್ಲಿ ಓನರ್ ಎದ್ದು ಮೋಟರ್ ಆರಿಸುತ್ತಿದ್ದರು. ನಾನು ಬಾಯಿ ಬಿಡುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡು ಇಂಜಿನ್ನೇ ಏಕೆ ಬೇಕು ಎಂದು ನಾನು ಒಂದು ಸಂಜೆ ನೇರವಾಗಿ ಕೇಳಿಬಿಟ್ಟೆ. ತಾಳಿ ಎನ್ನುತ್ತಾರೆಂದುಕೊಂಡಿದ್ದೆ, ಅನ್ನಲಿಲ್ಲ. ಅವರು ಚಿಕ್ಕವರಿದ್ದಾಗ ಹತ್ತಿರದ ವಿಮಾನ ಕಾರ್ಖಾನೆಯಿಂದ ಎದ್ದ ವಿಮಾನಗಳು ಅವರ ಹೊಲದ ಮೇಲೆಯೇ ಹಾದು ಹೋಗುತ್ತಿದ್ದವಂತೆ. ಅಣ್ಣ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣದಲ್ಲಿ ನಿಲ್ಲುತ್ತಿದ್ದ. ವಿಮಾನ ಕಾಣುವ ಮೊದಲೇ, ಬರೀ ಸದ್ದು ಕೇಳಿ ಅಣ್ಣ ಇದು ಒಂಟಿ, ಇದು ಜೋಡಿ ಎಂದು ಹೇಳುತ್ತಿದ್ದನಂತೆ. ಒಂದು ದಿನವೂ ತಪ್ಪುತ್ತಿರಲಿಲ್ಲವಂತೆ.

“ಜೋಡಿ ಬಂದ್ರೆ ನನ್ನ ಹೊತ್ಕೊಂಡೇ ಹೊಲದ ತುದೀವರೆಗೂ ಓಡೋನು” ಎಂದರು. ಆಮೇಲೆ, “ಒಂದ್ಸಲ ಅವ್ನು ಬಂದು ಕೇಳ್ಬೇಕು ಟೀಚರಮ್ಮ. ಬಂದು ನಿಂತ್ರೆ ಸಾಕು” ಎಂದರು.

ಆ ಗಟ್ಟಿ ಮನುಷ್ಯ ಇಷ್ಟು ಸಣ್ಣದೊಂದನ್ನು ಬಯಸಿ ಇಷ್ಟು ದೊಡ್ಡ ಏರ್ಪಾಡು ಮಾಡುತ್ತಿದ್ದಾರಲ್ಲ ಎಂದು ನನಗೆ ಸಂಕಟವಾಯಿತು. ರಸ್ತೆ ದಾಟಿ ಹೋಗಿ ಅಣ್ಣಾ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ರಸ್ತೆ ದಾಟುವುದು ಅವರಿಂದಾಗದ ಕೆಲಸ.

ಇಂಜಿನ್ ಆರಿಸುವ ದಿನ ನನ್ನನ್ನೂ ಶಿವಾಜಿನಗರಕ್ಕೆ ಕರೆದೊಯ್ದರು. ಪರದೇಶದಿಂದ ತರಿಸುವ ಬೇರೆ ಎಣ್ಣೆಯ ಇಂಜಿನ್ ಬೇಡ, ಸ್ಕೂಟರಿಗೆ ಹಾಕುವಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದ್ದೇ ಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಅಂಗಡಿಯ ಮುಂದೆ ಗಲ್ಲಿಯಲ್ಲೇ ಮರದ ದಿಮ್ಮಿಗೆ ಇಂಜಿನ್ ಬಿಗಿದು, ಫ್ಯಾನು ಹಾಕಿ, ಭಾಯಿ ಒಂದೊಂದನ್ನೇ ಶುರು ಮಾಡಿದರು. ಓನರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದರು. ಸಂತೆಯಲ್ಲಿ ಎತ್ತಿನ ಜೋಡಿ ನೋಡುವವರು ಹೀಗೇ ಕೂರುತ್ತಾರೆ. ಒಂದು ಎತ್ತು ಮುಂದೆ ಎಳೆದು ಇನ್ನೊಂದು ಹಿಂದೆ ಬಿದ್ದರೆ ಗಾಡಿ ಓರೆಯಾಗುತ್ತದೆ, ಒಂದೇ ಈಡಿನದಾಗಬೇಕು ಎಂಬುದು ಅವರ ಪಟ್ಟು. ಒಂದು ಇಂಜಿನ್ ಒಪ್ಪಿದರು. ಅದರ ಜೊತೆಗೆಂದು ತೋರಿಸಿದ್ದನ್ನೆಲ್ಲ ಬೇಡವೆಂದರು. ಗಲ್ಲಿ ತುಂಬ ಹೊಗೆ, ಸದ್ದು. ಪಕ್ಕದ ದರ್ಜಿ ಎದ್ದು ಬಂದು ಉರ್ದುವಿನಲ್ಲಿ ಏನೋ ಬೈದ. ಎದುರಿನ ಬಿರಿಯಾನಿ ಅಂಗಡಿಯವನು ತಮಿಳಿನಲ್ಲಿ ಬೈದ. ಓನರ್ ಇಬ್ಬರಿಗೂ ಕನ್ನಡದಲ್ಲಿ ತಾಳಿ ಎಂದರು. ಕೊನೆಗೆ ಭಾಯಿ ಕೈ ಮುಗಿದು, ಇನ್ನೊಂದು ಪೆಟ್ಟಿಗೆ ಬರಲಿ, ಆಗ ಬನ್ನಿ ಎಂದರು. ಆ ಪೆಟ್ಟಿಗೆ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು.

ವಿಮಾನ ಜೋಡಿಸುವ ಕಾಲಕ್ಕೆ ಅಭ್ಯಾಸವೊಂದು ಶುರುವಾಯಿತು. ಹಾರುವಾಗ ಒಂದು ಇಂಜಿನ್ ನಿಂತರೆ ಎಲ್ಲರ ಕೈಯೂ ಗಾಬರಿಯಲ್ಲಿ ಇನ್ನೊಂದಕ್ಕೆ ರೇಸ್ ಕೊಡುತ್ತದಂತೆ. ಕೊಟ್ಟರೆ ಕೆಟ್ಟಿತು, ವಿಮಾನ ಸುತ್ತಿಕೊಂಡು ನೆಲಕ್ಕೆ ಬರುತ್ತದೆ. ಆಗ ಇನ್ನೊಂದನ್ನೂ ಇಳಿಸಿ, ಮೂಗು ತಗ್ಗಿಸಿ, ನಿಧಾನವಾಗಿ ನೆಲ ಹುಡುಕಬೇಕು. ಭಾಯಿ ಇದನ್ನು ಹೇಳಿಕೊಟ್ಟು, ಕೈಗೆ ರೂಢಿಯಾಗುವವರೆಗೆ ಬಿಡಬೇಡಿ ಎಂದಿದ್ದರು. ಓನರ್ ಆ ಕೆಲಸವನ್ನು ನನಗೂ ಓನರಮ್ಮನಿಗೂ ಹಂಚಿದರು. ರಿಮೋಟ್ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ಕಾಫಿ ಕೊಡುವಾಗಲೋ ಬಟ್ಟೆ ಒಣಗಿಸಲು ಹೋಗುವಾಗಲೋ ನಾವು ಇದ್ದಕ್ಕಿದ್ದಂತೆ, “ಎಡಗಡೆದು ನಿಂತೋಯ್ತು” ಎನ್ನಬೇಕು. ಅವರ ಹೆಬ್ಬೆರಳು ತಕ್ಷಣ ಕೆಳಗೆ ಇಳಿಯಬೇಕು. ಮೊದಮೊದಲು ಮೇಲಕ್ಕೇ ಹೋಗುತ್ತಿತ್ತು. ಓನರಮ್ಮನಂತೂ ಬೇಕೆಂದೇ ಊಟದ ನಡುವೆ ಹೇಳಿ, ಅನ್ನ ಕಲಸುವ ಕೈಯ ಹೆಬ್ಬೆರಳು ಇಳಿಯುವುದನ್ನು ನೋಡಿ ನಗುತ್ತಿದ್ದರು.

ಇನ್ನು ಉಳಿದದ್ದು ಜಾಗ. ಹೊಸ ವಿಮಾನ ಓಡಿ ಮೇಲೇಳಲು ಇವರ ಅರ್ಧ ಹೊಲ ಸಾಲದು, ಬದುವಿನಾಚೆಯ ಅರ್ಧವೂ ಬೇಕು. ಮೂರು ಮಳೆಗಾಲ ಕೂತು ಆರಿಸಿದ ಮನುಷ್ಯನಿಗೆ ಇದು ಮೊದಲೇ ಹೊಳೆದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಒಂದು ಬೆಳಗ್ಗೆ ದೊಡ್ಡೋರು ಗೇಟಿನಲ್ಲಿ ಇರುವುದನ್ನು ನೋಡಿಕೊಂಡೇ, ನಾನು ಶಾಲೆಗೆ ಹೊರಟವಳನ್ನು ನಿಲ್ಲಿಸಿ, “ಟೀಚರಮ್ಮ, ವಿಮಾನ ಆಯ್ತು. ಜೋಡಿ ಇಂಜಿನ್ದು. ಆದ್ರೆ ನಮ್ ತುಂಡಲ್ಲಿ ಏಳಲ್ಲ” ಎಂದು ಗಟ್ಟಿಯಾಗಿ ಹೇಳಿದರು.

ದೊಡ್ಡೋರು ಎತ್ತರದ, ಒಣಕಲು ಆಳು. ಬೇವಿನ ಕಡ್ಡಿ ಜಗಿಯುತ್ತಾ ಆಕಾಶ ನೋಡಿದರು. ಹಾಗೇ ಒಳಗೆ ಹೋದರು. ಓನರ್ ಮುಖ ಸಪ್ಪಗಾಯಿತು. ಅಂದು ಅವರು ಬಾಡಿಗೆ ಮನೆಗಳ ಸುತ್ತು ಹಾಕಲಿಲ್ಲ. ಒಂದು ವಾರ ಕಳೆಯಿತು. ಹೊಲಕ್ಕೆ ಹೋದವರು ಬಂದು ಹೇಳಿದರು, ನಡುವಿನ ಬದುವಿನ ಕಲ್ಲುಗಳನ್ನು ಯಾರೋ ಎತ್ತಿ ಮರದ ಬುಡದಲ್ಲಿ ಪೇರಿಸಿದ್ದಾರೆ, ನೆಲ ಮಟ್ಟ ಮಾಡಿದ್ದಾರೆ. ಯಾರೆಂದು ಓನರ್ ಕೇಳಲಿಲ್ಲ. ಅಂದು ಸಂಜೆ ಅವರು ನನಗೆ ಒಂದು ಸೀಬೆಹಣ್ಣು ಕೊಟ್ಟರು, ಆರಿಸದೆ, ಬುಟ್ಟಿಯಿಂದ ಕೈಗೆ ಸಿಕ್ಕಿದ್ದನ್ನು.

ಆಯುಧಪೂಜೆಯ ದಿನ ಮೊದಲ ಹಾರಾಟ ಎಂದಾಯಿತು. ಹೊಲದಲ್ಲೇ ಪೂಜೆ. ಹಸಿರು ಹೊಟ್ಟೆ, ಬಿಳಿ ರೆಕ್ಕೆಯ ಆ ವಿಮಾನಕ್ಕೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ, ಎರಡೂ ಚಕ್ರಕ್ಕೆ ನಿಂಬೆಹಣ್ಣು. ಇಂಜಿನ್ನಿನ ಮುಚ್ಚಳವನ್ನು ಮಾತ್ರ ಇನ್ನೂ ಹಾಕಿರಲಿಲ್ಲ, ಹೊಸ ಇಂಜಿನ್ ಬಿಸಿಯಾದೀತೆಂದು. ಮಂಗಳಾರತಿ ಆದ ಮೇಲೆ ಓನರ್ ತಾವೇ ಹಾರ ತೆಗೆದು, ಕುಂಕುಮ ಒರೆಸಿದರು. ಆಮೇಲೆ ಎಲ್ಲರೂ ಬೂದುಗುಂಬಳ ಒಡೆಯಲು ಹೊಲದ ಬಾಯಿಗೆ ಹೋದೆವು.

ತಿರುಗಿ ನೋಡಿದಾಗ ದೊಡ್ಡೋರು ವಿಮಾನದ ಬಳಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಬಗ್ಗಿ ಎಡಗಡೆಯ ಇಂಜಿನ್ನನ್ನು ನೋಡುತ್ತಿದ್ದಾರೆ ಎಂದುಕೊಂಡೆ. ನಾವು ಹತ್ತಿರ ಬಂದಾಗ ಎದ್ದು ಒಂದು ಹೆಜ್ಜೆ ಸರಿದು ನಿಂತರು. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಾರಿಸುವ ಮೊದಲು ವಿಮಾನಕ್ಕೆ ಮೂರು ಸುತ್ತು ಬಂದು ಮೊಳೆ ಮೊಳೆಯನ್ನೂ ಮುಟ್ಟಿ ನೋಡುವುದು ಓನರ್ ಎಂದೂ ತಪ್ಪಿಸದ ಪದ್ಧತಿ. ಅಂದು ಸುತ್ತು ಬರಲಿಲ್ಲ. ಅಣ್ಣ ರೆಕ್ಕೆಗೆ ತಾಕಿದಂತೆ ನಿಂತಿದ್ದರು. ಸುತ್ತು ಬರಬೇಕಾದರೆ ಸ್ವಲ್ಪ ಸರಿಯಿರಿ ಎಂದು ಅವರಿಗೆ ಹೇಳಬೇಕಿತ್ತು. ಬಂದವರನ್ನು ಸರಿಯಿರಿ ಎನ್ನಲು ಇವರಿಗೆ ಬಾಯಿ ಬರಲಿಲ್ಲ.

ಭಾಯಿ ಮುಂದೆ ಕೂತು ಫ್ಯಾನು ತಿರುಗಿಸಿ ಬಲಗಡೆಯದನ್ನು ಶುರು ಮಾಡಿದರು, ಆಮೇಲೆ ಎಡಗಡೆಯದನ್ನು. ವಿಮಾನ ಕುಲುಕುತ್ತಾ ಓಡಿತು. ತಮ್ಮನ ಹೊಲ ದಾಟಿ, ಬದುವಿದ್ದ ಜಾಗ ದಾಟಿ, ಅಣ್ಣನ ಹೊಲದ ನಡುವೆ ನೆಲ ಬಿಟ್ಟಿತು. ಎರಡು ಇಂಜಿನ್ನಿನ ಸದ್ದು ಒಂದಾಗಿ ತಲೆಯ ಮೇಲೆ ಹಾದು ಹೋಯಿತು. ಒಂಟಿಯ ಸದ್ದೇ ಬೇರೆ, ಇದೇ ಬೇರೆ ಎಂದು ನನಗೂ ಅಂದು ಗೊತ್ತಾಯಿತು. ದೊಡ್ಡೋರು ಕಣ್ಣು ಮುಚ್ಚಿಕೊಂಡಿದ್ದರು.

ಮೂರನೆಯ ಸುತ್ತೋ ನಾಲ್ಕನೆಯದೋ ಇರಬೇಕು. ವಿಮಾನ ದೂರದಲ್ಲಿ ಹುಣಸೆಮರದಾಚೆ ಇತ್ತು. ನಮಗಾರಿಗೂ ಏನೂ ತಿಳಿಯಲಿಲ್ಲ. ದೊಡ್ಡೋರು ಕಣ್ಣು ಮುಚ್ಚಿದ್ದಂತೆಯೇ ಹೇಳಿದರು:

“ಎಡಗಡೆದು ನಿಂತೋಯ್ತು ಕಣೋ.”

ಜಗಲಿಯಲ್ಲಿ ನಾವು ದಿನವೂ ಹೇಳುತ್ತಿದ್ದ ಅದೇ ಮಾತು. ನಾವು ಯಾರೂ ಅದನ್ನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಎದುರು ಮನೆಯವರು, ದಿನವೂ ಕೇಳಿಸಿಕೊಂಡಿದ್ದರೇನೋ. ಓನರ್ ತಿರುಗಿ ನೋಡಲಿಲ್ಲ. ಹೆಬ್ಬೆರಳು ಮಾತ್ರ ಕೆಳಗಿಳಿಯಿತು. ವಿಮಾನ ಒಂದು ಕಡೆ ವಾಲಿದ್ದು ನೆಟ್ಟಗಾಯಿತು, ಮೂಗು ತಗ್ಗಿಸಿ, ಸದ್ದಿಲ್ಲದೆ ಬಂದು ಅಣ್ಣನ ಹೊಲದಲ್ಲಿ ಇಳಿಯಿತು. ಒಂದು ಚಕ್ರ ಮುರಿದದ್ದು ಬಿಟ್ಟರೆ ಇನ್ನೇನೂ ಆಗಲಿಲ್ಲ.

ಓನರ್ ಎಲ್ಲರಿಗಿಂತ ಮೊದಲು ಓಡಿದರು. ಅವರ ಟವೆಲ್ ಹಿಡಿದುಕೊಂಡಿದ್ದ ನಾನು ಹಿಂದೆಯೇ ಹೋದೆ. ಅವರು ಎಡಗಡೆಯ ಇಂಜಿನ್ ಮೇಲೆ ಬಗ್ಗಿದ್ದರು. ಕಾರ್ಬುರೇಟರಿನ ಬಾಯಲ್ಲಿ ಚೆಂಡು ಹೂವಿನ ಎಸಳುಗಳು ಮೆತ್ತಿಕೊಂಡು, ಗಾಳಿ ಹೋಗದಂತೆ ಮುಚ್ಚಿದ್ದವು. ನಾವು ಕುಂಬಳಕಾಯಿ ಒಡೆಯುವಾಗ ದೊಡ್ಡೋರು ಬಗ್ಗಿ ಏನು ಮಾಡುತ್ತಿದ್ದರೆಂದು ನನಗೂ ಅರ್ಥವಾಯಿತು, ಓನರಿಗೂ ಆಯಿತು. ಮನೆಯ ಹಿರಿಯನಾಗಿ ತನ್ನ ಪಾಲಿನ ಪೂಜೆ ಮಾಡಿ ಒಂದು ಹೂವು ಸಿಕ್ಕಿಸಿದ್ದರು. ಓನರ್ ಉಗುರಿನಿಂದ ಅಷ್ಟನ್ನೂ ಕೆರೆದು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಉಳಿದವರು ಬಂದರು. ದೊಡ್ಡೋರು ಕೊನೆಗೆ ಬಂದು, ಏನಾಗಿತ್ತು ಎಂದು ತಮ್ಮನನ್ನೇ ಕೇಳಿದರು. ನನ್ನನ್ನಲ್ಲ.

ಉತ್ತರ ಹೇಳಬೇಕಾದವರು ಯಾರೆಂದು ನೆನಪಿಡಿ. ಟ್ಯಾಪ್ ಸೋರಿದರೂ ಯಾರು ತಿರುಗಿಸಿದ್ದು ಎಂದು ಪತ್ತೆ ಹಚ್ಚಿ ಮೂರು ದಿನ ಅದನ್ನೇ ಆಡುವ ಮನುಷ್ಯ. ಇನ್ನೊಬ್ಬರ ತಪ್ಪನ್ನು ಆಡದೆ ಮನಸ್ಸಿನಲ್ಲೇ ಇಟ್ಟುಕೊಂಡು ಗೊತ್ತಿಲ್ಲದವರು.

“ಪೆಟ್ರೋಲಲ್ಲಿ ನೀರಿತ್ತಣ್ಣ” ಎಂದರು.

ಅವರು ಆರಿಸಿದ್ದರಲ್ಲೆಲ್ಲ ಅತ್ಯುತ್ತಮವಾದದ್ದು ಆ ಸುಳ್ಳು ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಅದನ್ನು ಆರಿಸಲು ಅವರು ತಾಳಲೂ ಇಲ್ಲ, ನೋಡಲೂ ಇಲ್ಲ.

ದೊಡ್ಡೋರು ಇಂಜಿನ್ನನ್ನು ಸ್ವಲ್ಪ ಹೊತ್ತು ನೋಡಿದರು. ಬಂಕ್ ಸರಿಯಿಲ್ಲ, ಮುಂದಿನ ಸಲ ನಾನೇ ತರುತ್ತೇನೆ ಎಂದರು. ಹಾಗೆಯೇ ಮಾಡಿದರು. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ಹಲಸೂರಿನವರೆಗೆ ಹೋಗಿ ಕ್ಯಾನಿನಲ್ಲಿ ಪೆಟ್ರೋಲ್ ತಂದು, ಬಿಳಿ ಬಟ್ಟೆಯಲ್ಲಿ ಸೋಸಿ, ರಸ್ತೆ ದಾಟಿ ಬಂದು ತಮ್ಮನ ಜಗಲಿಯಲ್ಲಿ ಇಡುತ್ತಿದ್ದರು. ಇಬ್ಬರೂ ಸೇರಿ ಆ ವಿಮಾನವನ್ನು ಹುಣಸೆಮರಕ್ಕೆ ಎಷ್ಟು ಸಲ ಹತ್ತಿಸಿದರೋ ಲೆಕ್ಕವಿಲ್ಲ. ಮೂರನೆಯವಳ ಕೆಲಸದಿಂದ ನನಗೆ ಬಿಡುಗಡೆಯಾಯಿತು. ಸತ್ಯ ಹೇಳಬೇಕೆಂದರೆ ಸ್ವಲ್ಪ ಬೇಸರವೂ ಆಯಿತು.

ತಿಥಿಯ ದಿನ ಹೋಗಿದ್ದೆ. ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಆ ಬೀದಿಯ ಆಕಾಶ ಬಹಳ ಸುಮ್ಮನಾಗಿದೆ. ಹಾಲಿನಲ್ಲಿ ಓನರ್ ಫೋಟೋ ಇಟ್ಟಿದ್ದರು, ಪಕ್ಕದಲ್ಲಿ ಚಾಪೆಯ ಮೇಲೆ ಆ ವಿಮಾನ. ಓನರಮ್ಮ ನನ್ನ ಕೈ ಹಿಡಿದು, ಹೋಗುವಾಗಲೂ ಈ ಮನುಷ್ಯ ಅವಸರ ಮಾಡಲಿಲ್ಲ, ನಿದ್ದೆಯಲ್ಲೇ ಹೋದರು ಎಂದು ಅತ್ತರು. ನಾನೂ ಅತ್ತೆ.

ದೊಡ್ಡೋರು ಬಹಳ ಬಾಗಿದ್ದರು. ಫೋಟೋಗೆ ಹಾರ ಹಾಕಿದರು. ತಟ್ಟೆಯಲ್ಲಿ ಉಳಿದಿದ್ದ ಒಂದು ಚೆಂಡು ಹೂವು ತೆಗೆದುಕೊಂಡು ವಿಮಾನದ ಹತ್ತಿರ ಬಂದು, ಎಡಗಡೆಯ ಇಂಜಿನ್ನಿನ ಮುಂದೆ ನಿಂತರು. ಒಂದು ಗಳಿಗೆ ಹಾಗೇ ನಿಂತಿದ್ದು, ರೆಕ್ಕೆ ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ನಡೆದರು. ಹೂವನ್ನು ಬಾಲದ ಮೇಲೆ ಇಟ್ಟರು. ಎಷ್ಟೋ ವರ್ಷಗಳ ಮೇಲೆ ಮತ್ತೆ ನನ್ನ ಕಡೆ ತಿರುಗಿ, ತಮ್ಮನಿಗೆ ಹೇಳಬೇಕಾದ್ದನ್ನು ನನಗೆ ಹೇಳಿದರು:

“ಇಲ್ಲಿಟ್ರೆ ಒಳಕ್ಕೆ ಹೋಗಲ್ಲ, ಅಲ್ವಾ ಟೀಚರಮ್ಮ?”

ಹೋಗಲ್ಲ ದೊಡ್ಡೋರೇ ಎಂದೆ.